ಸರಖೇಲ ಕಾನ್ಹೋಜಿ ಆಂಗ್ರೆ

ಇತಿಹಾಸವನ್ನು ಆಸ್ಥೆಯಿಂದ ಓದತಕ್ಕ ನಮ್ಮ ಜನರಲ್ಲಿ ತಾಳೀಕೋಟೆಯ ರಣಾಂಗಣವನ್ನಾಗಲಿ ಪಾಣಿಪತದ ರಣಾಂಗಣವನ್ನಾಗಲಿ ಅರಿಯದವರು ವಿರಳ. ಆದರೆ ಹಿಂದುಸ್ಥಾನದ ಭವಿತವ್ಯವು ನೀರಿನ ಮೇಲೆಯೂ ನಿರ್ಣಯವಾಗುತ್ತಿದ್ದಿತೆಂಬ ಸಂಗತಿಯನ್ನು ನೆನೆಯುವವರು ಬಹು ಸ್ವಲ್ಪ. ಕುದುರೆಯ ಸವಾರನ ಕೀರ್ತಿಯನ್ನು ಲಾವಣಿಕಾರರು ಊರೂರಿಗೆ ಹಾಡಿದರು. ಹಾಯಿ ಬಿಚ್ಚಿ ಹುಟ್ಟು ಹಾಕಿದ ನಾವಿಕನ ಹೆಸರು ತೀರದ ನಾಲ್ಕಾರು ಹಳ್ಳಿಗಳನ್ನು ದಾಟಿ ಘಟ್ಟವನ್ನೇರಿ ಬರಲಿಲ್ಲ.

ನಾವಿಕ ವಿದ್ಯೆಯು ಪಾಠಶಾಲೆಯಲ್ಲಿ ಮಾತ್ರ ದೊರೆಯತಕ್ಕದ್ದಲ್ಲ. ಗಾಳಿ ಯಾವ ತಿಂಗಳಲ್ಲಿ ತಿರುಗುವದು, ಯಾವ ಅಳಿವೆಯ ಬಾಯಲ್ಲಿ ಬಂಡೆ ಅಡಗಿರುವದು, ಭರತದ ಯಾವ ಹೊತ್ತಿನಲ್ಲಿ ಹಡಗನ್ನು ಹೊರಡಿಸಬೇಕು ಎಂಬಿವನ್ನು ಮಗನು ತಂದೆಯ ಪಕ್ಕದಲ್ಲಿ ಕುಳಿತು ಕಲಿಯುವನು. ಆದುದರಿಂದ ನೌಕಾ ಇತಿಹಾಸವೆಂಬುದು ಬಹುಮಟ್ಟಿಗೆ ಮನೆತನಗಳ ಇತಿಹಾಸವೇ ಆಗಿರುವದು. ಅಂಥ ಮನೆತನಗಳಲ್ಲಿ ಅಗ್ರಗಣ್ಯವಾದದ್ದು ಕೊಂಕಣದ ಆಂಗ್ರೆಯವರ ಮನೆತನ. ಅದರ ಉತ್ಕರ್ಷದಲ್ಲಿ ನಮಗೆ ಎಷ್ಟು ಅಭಿಮಾನಾಸ್ಪದವಾದ ವಿಷಯವಿರುವದೋ ಅದರ ಅವನತಿಯಲ್ಲಿ ಅಷ್ಟೇ ಕಠಿಣವಾದ ಪಾಠವೂ ಇರುವದು. ಆ ಮನೆತನದ ಕೀರ್ತಿಸ್ತಂಭನಾದ ಕಾನ್ಹೋಜಿಯ ಚರಿತ್ರವನ್ನು ಸಂಕ್ಷೇಪವಾಗಿ ನಮ್ಮ ವಾಚಕರ ಮುಂದಿಡುವೆವು.

ಕಾನ್ಹೋಜಿಯು ಜನಿಸಿದ್ದು 1669ನೆಯ ಇಸವಿಯಲ್ಲಿ. ಅವನ ತಂದೆ ತುಕೋಜಿಯು ಶಿವಾಜಿ ಮಹಾರಾಜನ ನೌಕಾಸೇವೆಯಲ್ಲಿದ್ದನು. ಸಮುದ್ರವನ್ನು ಕಾಯದವನಿಗೆ ತೀರವು ದಕ್ಕುವದಿಲ್ಲವೆಂಬುದನ್ನು ಆ ಕಾಲದ ರಾಜರಲ್ಲಿ ಚೆನ್ನಾಗಿ ಅರಿತವನು ಶಿವಾಜಿಯೇ. 1665ರಲ್ಲಿ ಅವನ ಹಡಗುಗಳು ನಮ್ಮ ಕನ್ನಡ ತೀರದ ಬಸರೂರಿನವರೆಗೆ ಬಂದುದೂ, 1679ರಲ್ಲಿ ಮುಂಬಯಿಯ ಬಾಗಿಲಲ್ಲಿಯೇ ಇರುವ ಖಾಂದೇರಿ ದ್ವೀಪದಲ್ಲಿ ಅವನು ಕೋಟೆ ಕಟ್ಟಿಸಲು ತೊಡಗಿದಾಗ ಇಂಗ್ಲಿಷರು ಅದನ್ನು ತಡೆಯಲಾರದೆ ಹೋದುದೂ ಪ್ರಸಿದ್ಧವಾಗಿವೆ. ತುಕೋಜಿಯು ಸುವರ್ಣದುರ್ಗದಲ್ಲಿ ಸೇವೆ ಮಾಡಿದವನಾದ್ದರಿಂದ ಬಾಲಕನಾದ ಕಾನ್ಹೋಜಿಗೆ ಅಲೆಗಳ ಸಪ್ಪಳವೇ ಜೋಗುಳ, ಹಡಗಿನ ಹಲಗೆಯೇ ಅಂಗಳವಾಗಿದ್ದಿತೆಂದರೆ ಅತಿಶಯೋಕ್ತಿಯಾಗದು.

1689ರಲ್ಲಿ ಸಂಭಾಜಿ ಮಹಾರಾಜನ ವಧೆಯಾಗಿ ರಾಯಗಡವು ಮೊಗಲರ ಕೈಸೇರಿತು. ಮರಾಠಿ ರಾಜ್ಯವು ದಿಕ್ಕುಗೆಟ್ಟಿತು. ಜಂಜಿರೆಯ ಸಿದ್ದಿಯು ಮೊಗಲರ ಪಕ್ಷ ವಹಿಸಿ ಕೊಂಕಣದ ಕೋಟೆಗಳನ್ನು ಒಂದೊಂದಾಗಿ ನುಂಗತೊಡಗಿದನು. ಆ ಕಾಲದಲ್ಲಿ ಸುವರ್ಣದುರ್ಗದ ಕಿಲ್ಲೇದಾರನು ಶತ್ರುವಿನ ಆಮಿಷಕ್ಕೆ ಮನಗೊಟ್ಟಿದ್ದನೆಂದೂ, ತರುಣನಾದ ಕಾನ್ಹೋಜಿಯು ಅವನನ್ನು ಸೆರೆಹಿಡಿದು ತಾನೇ ಕೋಟೆಯನ್ನು ಉಳಿಸಿಕೊಂಡನೆಂದೂ ಪರಂಪರೆಯಿಂದ ಹೇಳುತ್ತ ಬಂದಿರುವರು. ಅದು ಹೇಗೇ ಇರಲಿ, 1698ರಲ್ಲಿ ಸಿದ್ಧೋಜಿ ಗುಜರನು ತೀರಿಕೊಂಡ ತರುವಾಯ ಮರಾಠಿ ಆರಮಾರದ ಸರಖೇಲ ಪದವಿಯು ಮೂವತ್ತು ವರುಷವೂ ತುಂಬದ ಈ ವೀರನಿಗೆ ದೊರೆಯಿತು. ಅವನು ಅಲಿಬಾಗದ ಎದುರಿಗಿರುವ ಕುಲಾಬಾ ಜಲದುರ್ಗವನ್ನು ತನ್ನ ಮುಖ್ಯ ಠಾಣೆಯನ್ನಾಗಿ ಮಾಡಿಕೊಂಡನು. ನೀರಿಳಿದಾಗ ಕಾಲ್ನಡಿಗೆಯಿಂದ ಸೇರಬಹುದಾದ, ನೀರೇರಿದಾಗ ಸುತ್ತಲೂ ಕಡಲೇ ಕಂದಕವಾಗುವ ಆ ಕೋಟೆಯು ಇಂದಿಗೂ ನಿಂತಿರುವದು.

ಅವನ ಆರಮಾರದ ಬಲವು ಹಡಗುಗಳ ಗಾತ್ರದಲ್ಲಿರಲಿಲ್ಲ. ಐರೋಪ್ಯರ ದೊಡ್ಡ ಹಡಗುಗಳು ಆಳವಾದ ನೀರನ್ನೂ ಅನುಕೂಲವಾದ ಗಾಳಿಯನ್ನೂ ಬೇಡುತ್ತಿದ್ದವು. ಕಾನ್ಹೋಜಿಯ ಗುರಾಬುಗಳು ಎರಡು ಮೂರು ಕೂವೆಮರಗಳ, ಆಳ ಕಡಿಮೆಯಾದ ಹಡಗುಗಳು. ತೋಪುಗಳು ಮುಂಭಾಗದಿಂದಲೇ ಹಾರುವಂತೆ ಅವುಗಳನ್ನು ಕಟ್ಟಿದ್ದಿತು. ಗಲಬತಗಳೋ ಇನ್ನೂ ಹಗುರಾದವು; ನಾಲ್ವತ್ತು ಐವತ್ತು ಹುಟ್ಟುಗಳಿಂದ ಗಾಳಿಯಿಲ್ಲದಾಗಲೂ ಓಡತಕ್ಕವು. ಗಾಳಿ ನಿಂತು ಪರದೇಶದ ಹಡಗು ಕದಲಲಾರದಿದ್ದಾಗ ಗಲಬತಗಳು ಗುರಾಬುಗಳನ್ನು ಎಳೆದು ತಂದು ಅದರ ಹಿಂಬದಿಗೆ ನಿಲ್ಲಿಸುತ್ತಿದ್ದವು. ಪಕ್ಕದ ತೋಪುಗಳು ಅತ್ತ ತಿರುಗುವಂತಿರಲಿಲ್ಲ; ಕೂವೆಮರ ಮುರಿದೊಡನೆಯೇ ನೂರಾರು ಜನರು ಖಡ್ಗವನ್ನು ಹಿಡಿದು ಹಡಗನ್ನೇರುತ್ತಿದ್ದರು. ಈ ಜನರು ಯಾರು? ಮೀನು ಹಿಡಿದು ಜೀವಿಸುತ್ತಿದ್ದ ಕೋಳಿಯರು, ಭಂಡಾರಿಗಳು, ತೀರದ ಮುಸಲ್ಮಾನರು. ತಂದೆ ಚುಕ್ಕಾಣಿ ಹಿಡಿದ ಹಡಗಿನಲ್ಲಿ ಮಗನು ಹುಟ್ಟು ಹಾಕುತ್ತಿದ್ದನು. ಗುಣವುಳ್ಳ ಪರದೇಶದ ಗೋಲಂದಾಜನನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಲು ಕಾನ್ಹೋಜಿಯು ಹಿಂಜರಿಯಲಿಲ್ಲ.

ಇಂಗ್ಲಿಷ ಗ್ರಂಥಕಾರರು ಬಹು ಕಾಲದವರೆಗೆ ಇವನನ್ನು ಕಡಲುಗಳ್ಳನೆಂದೇ ಕರೆದರು. ಅವರ ಪುಸ್ತಕಗಳನ್ನು ಓದಿ ಕಲಿತ ನಮ್ಮವರೂ ಅದನ್ನೇ ಗಿಳಿಪಾಠ ಮಾಡಿದರು. ಈ ಆರೋಪವನ್ನು ಸ್ವಲ್ಪ ಪರಾಮರ್ಶಿಸುವದು ಅವಶ್ಯ. ಹದಿನಾರನೆಯ ಶತಮಾನದ ಆರಂಭದಿಂದಲೂ ಪೋರ್ತುಗೀಜರು ತಮ್ಮ ರಹದಾರಿಯಿಲ್ಲದ ಹಡಗುಗಳನ್ನೆಲ್ಲ ಹಿಡಿಯುತ್ತಿದ್ದರು. ಇಂಗ್ಲಿಷ ಕಂಪನಿಯೂ ತನ್ನ ರಹದಾರಿಯನ್ನು ವರ್ತಕರಿಗೆ ಕೊಡುತ್ತಿದ್ದಿತು. ಹೊರಗಿನಿಂದ ಬಂದವರು ಇದನ್ನು ಸಮುದ್ರಾಧಿಪತ್ಯವೆಂದು ಕರೆದುಕೊಂಡರು. ಅದೇ ಪದ್ಧತಿಯನ್ನನುಸರಿಸಿ, ಛತ್ರಪತಿಯ ಅಧಿಕಾರಿಯಾಗಿ, ಸ್ವಂತ ಕೋಟೆಗಳ ಆಶ್ರಯದಿಂದ, ತನ್ನ ತೀರದ ನೀರಿನಲ್ಲಿ ಕಾನ್ಹೋಜಿಯು ದಸ್ತಕ ಕೊಡಲು ತೊಡಗಿದಾಗ ಮಾತ್ರ ಅದು ಕಳ್ಳತನವಾಯಿತು! ಒಡಂಬಡಿಕೆ ಮಾಡಿಕೊಳ್ಳುವಾಗ ಇದೇ ಕಂಪನಿಯು ಅವನನ್ನು ರಾಜ್ಯಾಧಿಕಾರಿಯೆಂದೇ ಎಣಿಸಿ ವ್ಯವಹರಿಸಿತೆಂಬುದು ಗಮನಿಸತಕ್ಕ ಸಂಗತಿ. ಅವನ ಕೈ ಎಂದೂ ಮೀರಲಿಲ್ಲವೆಂದು ನಾವು ವಾದಿಸುವದಿಲ್ಲ. ಯಾವ ಪಕ್ಷಕ್ಕೂ ಸೇರದ ಬಡ ವರ್ತಕರ ಸರಕು ಎರಡೂ ಕಡೆಯವರ ಕೈಯಲ್ಲಿ ಸಿಕ್ಕು ನಷ್ಟವಾದುದುಂಟು. ಆದರೆ ಒಂದೇ ಕೃತ್ಯಕ್ಕೆ ಬಿಳಿಯನಲ್ಲಿ ಒಂದು ಹೆಸರು, ಕರಿಯನಲ್ಲಿ ಇನ್ನೊಂದು ಹೆಸರು ಇಡುವದು ನ್ಯಾಯವಲ್ಲ.

ನಮ್ಮ ಕನ್ನಡ ತೀರಕ್ಕೆ ಸಂಬಂಧಿಸಿದ ಪ್ರಸಂಗವೊಂದನ್ನು ಇಲ್ಲಿ ಹೇಳಲೇಬೇಕು. ಆ ಕಾಲದಲ್ಲಿ ಕಾರವಾರದಲ್ಲಿ ಇಂಗ್ಲಿಷರ ವಖಾರಿಯು ಕರಿಮೆಣಸಿನ ವ್ಯಾಪಾರವನ್ನು ನಡೆಸುತ್ತಿದ್ದಿತು. 1712ರ ನವೆಂಬರ ತಿಂಗಳಲ್ಲಿ ಕಾರವಾರದಿಂದ ಮುಂಬಯಿಗೆ ಹೊರಟ ಒಂದು ಹಡಗಿನಲ್ಲಿ ಕಂಪನಿಯ ಸೇವಕನಾದ ಥಾಮಸ್ ಚೌನನೂ ಅವನ ಪತ್ನಿ ಕ್ಯಾಥರೀನಳೂ ಇದ್ದರು. ಬೆಂಗಾವಲಿಗೆ ಮುಂಬಯಿ ಗವರ್ನರನ ಸ್ವಂತ ಹಡಗು ಇದ್ದಿತು. ಆಂಗ್ರೆಯ ಹಡಗುಗಳು ಅವುಗಳ ಮೇಲೆ ಬಿದ್ದವು. ಚೌನನು ಗುಂಡಿನ ಪೆಟ್ಟಿನಿಂದ ಮಡಿದನು. ಎರಡೂ ಹಡಗುಗಳು ಕೈಸೆರೆಯಾದವು. ಇನ್ನೂ ಎಳೆಯ ಪ್ರಾಯದವಳಾದ ಆ ವಿಧವೆಯು ಕುಲಾಬೆಗೆ ಒಯ್ಯಲ್ಪಟ್ಟಳು. ಮುಂದೆ 1713ರ ಫೆಬ್ರುವರಿಯಲ್ಲಿ ಮೂವತ್ತು ಸಾವಿರ ರೂಪಾಯಿಗಳನ್ನು ತೆತ್ತು ಇಂಗ್ಲಿಷರು ಅವಳನ್ನೂ ಇತರ ಸೆರೆಯಾಳುಗಳನ್ನೂ ಬಿಡಿಸಿಕೊಂಡರು. ಗವರ್ನರನ ಹಡಗೇ ಹೋದುದು ಕಂಪನಿಗೆ ದೊಡ್ಡ ಅಪಮಾನವಾಯಿತು. ಆದರೆ ಸಮುದ್ರಯುದ್ಧದ ಬೆಲೆಯನ್ನು ನಾವಿಕರು ಮಾತ್ರವಲ್ಲದೆ ಅವರ ಹೆಂಡಿರು ಮಕ್ಕಳೂ ತೆರಬೇಕಾಗುವದೆಂಬುದನ್ನು ಕ್ಯಾಥರೀನಳ ಕಥೆಯು ತೋರಿಸುವದು. ಶತ್ರುಪಕ್ಷದವಳಾದರೂ ಅವಳ ದುಃಖಕ್ಕೆ ಮರುಗದೆ ಇರಲಾಗದು.

ಅದೇ 1713ರಲ್ಲಿ ಸ್ವರಾಜ್ಯದೊಳಗಿನ ಒಡಕೂ ಮಾಗಿ ಬಂದಿತು. ತಾರಾಬಾಯಿಯ ಪಕ್ಷದಲ್ಲಿದ್ದ ಕಾನ್ಹೋಜಿಯು ಶಾಹು ಮಹಾರಾಜನ ಪೇಶ್ವೆಯಾದ ಬಹಿರೋಪಂತ ಪಿಂಗಳೆಯನ್ನು ಸೆರೆಹಿಡಿದನು. ಅವನ ಸ್ಥಾನಕ್ಕೆ ಬಂದ ಬಾಳಾಜಿ ವಿಶ್ವನಾಥನು ಬಲಕ್ಕಿಂತ ಬುದ್ಧಿಯನ್ನು ನಂಬಿದವನು. ಅವನು ಯುದ್ಧವನ್ನು ಬಿಟ್ಟು ಮಾತುಕತೆಗೆ ಕರೆದು, ಸರಖೇಲ ಪದವಿಯನ್ನೂ ತೀರದ ಕೋಟೆಗಳನ್ನೂ ಕಾನ್ಹೋಜಿಗೇ ಉಳಿಸಿಕೊಟ್ಟು ಅವನನ್ನು ಶಾಹುವಿನ ಪಕ್ಷಕ್ಕೆ ತಂದನು. ಇಬ್ಬರು ಸ್ವಾಭಿಮಾನಿಗಳು ರಾಜ್ಯಹಿತಕ್ಕಾಗಿ ಹಟವನ್ನು ಬಿಟ್ಟ ಈ ಪ್ರಸಂಗವು ನಮ್ಮ ಇತಿಹಾಸದಲ್ಲಿ ಪದೇ ಪದೇ ಕಾಣತಕ್ಕದ್ದಲ್ಲ.

ಈ ಐಕ್ಯದ ಫಲವು ಬೇಗನೆ ಕಂಡುಬಂದಿತು. 1715ರ ಕೊನೆಗೆ ಮುಂಬಯಿಗೆ ಗವರ್ನರನಾಗಿ ಬಂದ ಚಾರ್ಲ್ಸ್ ಬೂನನು ಆಂಗ್ರೆಯ ನಿರ್ಮೂಲವನ್ನೇ ವ್ರತವಾಗಿ ಕೈಕೊಂಡು ಹೊಸ ಯುದ್ಧನೌಕೆಗಳನ್ನು ಕಟ್ಟಿಸಿದನು. 1717ರಲ್ಲಿ ವಿಜಯದುರ್ಗದ ಮೇಲೆ ಏರಿಹೋದ ಅವನ ಪಡೆಯು ಸೋತು ಮರಳಿತು. 1718ರಲ್ಲಿ ಖಾಂದೇರಿಯ ಮೇಲೆ ಹೋದುದಕ್ಕೂ ಅದೇ ಗತಿಯಾಯಿತು. 1720ರಲ್ಲಿ ತೇಲುವ ತೋಪಖಾನೆಯೊಂದನ್ನು ಕಟ್ಟಿ ಮತ್ತೆ ವಿಜಯದುರ್ಗಕ್ಕೆ ಒಯ್ದರೂ ಕೋಟೆಯ ಕಲ್ಲು ಸಡಿಲಲಿಲ್ಲ. ಕಡೆಗೆ 1721ರಲ್ಲಿ ಇಂಗ್ಲಿಷರೂ ಪೋರ್ತುಗೀಜರೂ ಒಂದಾದರು. ಇಂಗ್ಲೆಂಡಿನ ಅರಸನ ನೌಕಾಪಡೆಯೊಡನೆ ಕಮೋಡೋರ ಮ್ಯಾಥ್ಯೂಸನು ಬಂದನು. ಗೋವೆಯ ವೈಸರಾಯನೂ ಸೇರಿದನು. ಸುಮಾರು ಆರು ಸಾವಿರ ದಂಡು ಕುಲಾಬೆಯನ್ನು ಮುತ್ತಿತು. ಆಗ ಹೊಸ ಪೇಶ್ವೆಯಾದ ಬಾಜಿರಾಯನು ಕಳುಹಿದ ಕುದುರೆಯ ದಂಡು ನೆಲದ ಮೇಲಿನಿಂದ ನೆರವಿಗೆ ಬರಲು ಮಿತ್ರರಿಬ್ಬರ ಸಖ್ಯವು ಒಡೆಯಿತು. 1722ರ ಜನವರಿಯಲ್ಲಿ ಪೋರ್ತುಗೀಜರು ಪ್ರತ್ಯೇಕವಾಗಿ ಒಪ್ಪಂದ ಮಾಡಿಕೊಂಡು ತೆರಳಿದರು. 1724ರಲ್ಲಿ ಡಚ್ಚರು ಏಳು ಹಡಗುಗಳೊಡನೆ ವಿಜಯದುರ್ಗಕ್ಕೆ ಬಂದು ಬರಿಗೈಯಿಂದ ಹಿಂದಿರುಗಿದರು. ಜಗತ್ತಿನ ಮೂರು ನೌಕಾಬಲಗಳು ಒಬ್ಬ ಕೊಂಕಣಸ್ಥ ಸರದಾರನ ಮುಂದೆ ಹೀಗೆ ಸೋತವು. ನೆಲದ ದಂಡೂ ಕಡಲ ದಂಡೂ ಒಂದೇ ರಾಜ್ಯದ ಎರಡು ಕೈಗಳಾಗಿ ವರ್ತಿಸಿದುದೇ ಈ ಜಯದ ಮರ್ಮ.

1729ರ ಜುಲೈ 4ರಂದು ಕಾನ್ಹೋಜಿಯು ಕಾಲವಾದನು. ಅಲಿಬಾಗದಲ್ಲಿ ಅವನ ಸಮಾಧಿಯಿರುವದು. ಕಟ್ಟಿದ ಆರಮಾರವನ್ನು ಅವನು ಮಕ್ಕಳಿಗೆ ಬಿಟ್ಟುಹೋದನು. ಒಗ್ಗಟ್ಟನ್ನು ಬಿಟ್ಟುಹೋಗುವದು ಅವನ ಕೈಯಲ್ಲಿರಲಿಲ್ಲ. ಹಿರಿಯ ಮಗ ಸೇಖೋಜಿಯು 1733ರಲ್ಲಿ ತೀರಿಕೊಂಡನು. ಅವನ ತಮ್ಮಂದಿರಾದ ಸಂಭಾಜಿಯೂ ಮಾನಾಜಿಯೂ ದಾಯಾದಿಗಳಂತೆ ಕಾದಾಡಿದರು. ಪೇಶ್ವೆಯು ನಡುವೆ ಬಂದು ಕುಲಾಬೆಯನ್ನು ಮಾನಾಜಿಗೂ ಸುವರ್ಣದುರ್ಗ ವಿಜಯದುರ್ಗಗಳನ್ನು ಸಂಭಾಜಿಗೂ ಹಂಚಿಕೊಟ್ಟನು. ಹೊಲವನ್ನು ಪಾಲು ಮಾಡಿದಂತೆ ಆರಮಾರವನ್ನು ಪಾಲು ಮಾಡಿದರೆ ಉಳಿಯುವದೇನು? ಸಂಭಾಜಿಯ ತರುವಾಯ ಬಂದ ತುಳಾಜಿಯು ಶೂರನೇ ಆಗಿದ್ದರೂ ಪೇಶ್ವೆಗೆ ತಲೆಬಾಗಲೊಲ್ಲನು. ಅವನನ್ನು ಬಗ್ಗಿಸಲು ಪೇಶ್ವೆಯು ಇಂಗ್ಲಿಷರನ್ನೇ ಕರೆದನು! 1755ರಲ್ಲಿ ಸುವರ್ಣದುರ್ಗವು ಬಿದ್ದಿತು. 1756ರ ಫೆಬ್ರುವರಿಯಲ್ಲಿ ಅಡ್ಮಿರಲ್ ವಾಟ್ಸನನೂ ಕ್ಲೈವನೂ ವಿಜಯದುರ್ಗಕ್ಕೆ ಬಂದರು. ಇಂಗ್ಲಿಷರಿಂದ ಹಿಂದೊಮ್ಮೆ ಕಿತ್ತುಕೊಂಡ ಹಡಗೊಂದಕ್ಕೆ ಗುಂಡು ತಗುಲಿ ಬೆಂಕಿ ಹತ್ತಿತು. ಒತ್ತಾಗಿ ಕಟ್ಟಿದ್ದ ಆರಮಾರವೆಲ್ಲ ಅದರೊಡನೆ ಉರಿದುಹೋಯಿತು. ಮರಾಠಿ ರಾಜ್ಯದ ಅತ್ಯುತ್ತಮವಾದ ನೌಕಾಬಲವು ಮರಾಠಿ ಪೇಶ್ವೆಯ ಆಮಂತ್ರಣದಿಂದಲೇ ಬೂದಿಯಾಯಿತು. ತುಳಾಜಿಯು ಸೆರೆಯಲ್ಲಿಯೇ ಸತ್ತನು. ಅದೇ ವಾಟ್ಸನನೂ ಅದೇ ಕ್ಲೈವನೂ ಮುಂದೆ ಬಂಗಾಲಕ್ಕೆ ಹೋದರು. ಹದಿನಾರು ತಿಂಗಳೊಳಗಾಗಿ ಪ್ಲಾಸಿಯ ಯುದ್ಧವಾಯಿತು. ಕುಲಾಬೆಯ ಶಾಖೆಯು ನಾಮಮಾತ್ರವಾಗಿ ಉಳಿದಿದ್ದು, ವಾರಸುದಾರನಿಲ್ಲವೆಂಬ ನೆವದಿಂದ 1840ರಲ್ಲಿ ಕಂಪನಿಯ ಹೊಟ್ಟೆಯನ್ನು ಸೇರಿತು.

ಈ ದುರಂತದ ಕಾರಣವನ್ನು ಅಣ್ಣತಮ್ಮಂದಿರ ಮತ್ಸರವೆಂದಷ್ಟೇ ಹೇಳಿ ಕೈತೊಳೆದುಕೊಳ್ಳುವದು ಸರಿಯಲ್ಲ. ಇಂಗ್ಲಿಷರಲ್ಲಿಯೂ ಅಧಿಕಾರಿಗಳು ಜಗಳಾಡಿದರು, ಗವರ್ನರರು ಬದಲಾದರು, ಒಂದರ ಮೇಲೊಂದು ಸೋಲು ಬಂದಿತು. ಆದರೂ ಹಡಗುಗಳು ಯಾವನೊಬ್ಬನ ಮನೆಯ ಆಸ್ತಿಯಾಗಿರಲಿಲ್ಲವಾದ್ದರಿಂದ ಸೋತ ವರ್ಷದ ಮರುವರ್ಷ ಮತ್ತೆ ಹೊರಟವು. ನಮ್ಮಲ್ಲಿ ಆರಮಾರವು ಮನೆತನದ ಸ್ವತ್ತಾಯಿತು. ಮನೆಯು ಒಂದಾಗಿದ್ದವರೆಗೆ ಅದು ಅಜೇಯವಾಗಿದ್ದಿತು. ಮನೆಯು ಒಡೆದ ದಿನ ರಾಜ್ಯದ ಬಾಗಿಲೇ ಮುರಿದುಬಿದ್ದಿತು. ವಿದ್ಯೆಯು ತಂದೆಯಿಂದ ಮಗನಿಗೆ ಬರಲಿ, ಅದರಿಂದ ಲಾಭವೇ ಉಂಟು. ಆದರೆ ಬಲವು ರಾಷ್ಟ್ರದ ಸ್ವತ್ತಾಗಿಯೇ ಇರತಕ್ಕದ್ದು.

ಸ್ವತಂತ್ರ ಭಾರತವು ಈ ಋಣವನ್ನು ಮರೆಯಲಿಲ್ಲವೆಂಬುದು ಸಮಾಧಾನದ ಸಂಗತಿ. 1951ರಲ್ಲಿ ಮುಂಬಯಿಯ ನೌಕಾದಳದ ತೀರನೆಲೆಗೆ ಆಂಗ್ರೆಯ ಹೆಸರನ್ನಿಟ್ಟರು. ಯಾವನನ್ನು ಮುಂಬಯಿಯ ಗವರ್ನರರು ಕಡಲುಗಳ್ಳನೆಂದು ಬೈದರೋ ಅವನ ಹೆಸರನ್ನೇ ಮುಂಬಯಿಯ ನಾವಿಕರು ಹೊತ್ತಿರುವರು. ಚೌನನ ಹಡಗು ಹೊರಟ ನಮ್ಮ ಕಾರವಾರದ ಬಳಿಯಲ್ಲಿಯೇ 2005ರಲ್ಲಿ ಕದಂಬವೆಂಬ ಹೆಸರಿನ ನೌಕಾನೆಲೆಯು ಸ್ಥಾಪಿತವಾಯಿತು. ಅಲ್ಲಿ ದೇಶದ ನಾನಾ ಪ್ರಾಂತಗಳ ನಾವಿಕರ ಸಂಸಾರಗಳು ನೆಲೆಸಿರುವವು. ಗಂಡನು ತಿಂಗಳುಗಟ್ಟಲೆ ಕಡಲಿನಲ್ಲಿರುವಾಗ ಮನೆಯನ್ನು ನಡೆಸುವ ತಾಯಂದಿರೂ, ತಂದೆಯ ಬರವನ್ನು ಕಾಯುವ ಮಕ್ಕಳೂ ತಾವು ಯಾವ ಪರಂಪರೆಗೆ ಸೇರಿದವರೆಂಬುದನ್ನು ಒಟ್ಟಿಗೆ ಕುಳಿತು ಓದಲೆಂದು ನಾವು ಆಶಿಸುವೆವು. ಅವರಿಗೆ ಬರಿಯ ಜಯಗಳನ್ನು ಹೇಳಿದರೆ ಸಾಲದು. 1721ರ ಕುಲಾಬೆಯನ್ನೂ 1756ರ ವಿಜಯದುರ್ಗವನ್ನೂ ಜೊತೆಯಾಗಿಯೇ ಹೇಳಬೇಕು. ಪರಕೀಯರ ತೋಪಿಗೆ ಅಲುಗದ ಕೋಟೆಯು ಸ್ವಕೀಯರ ಒಡಕಿಗೆ ಉರುಳಿತೆಂಬುದನ್ನು ಬಾಲ್ಯದಲ್ಲಿಯೇ ಅರಿತ ಪೀಳಿಗೆಯ ಕೈಯಲ್ಲಿ ನಮ್ಮ ತೀರವು ಸುರಕ್ಷಿತವಾಗಿರುವದು.