ದಾಸಶ್ರೇಷ್ಠ ಶ್ರೀ ವಿಜಯದಾಸರು (1682–1755): ಜೀವನ ಪರಿಚಯ

ಪೀಠಿಕೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ದೋಆಬ್ ಪ್ರದೇಶವು ಹರಿದಾಸ ಸಾಹಿತ್ಯದ ತವರುಗಳಲ್ಲಿ ಒಂದಾಗಿರುತ್ತದೆ. ಇಂದಿನ ರಾಯಚೂರು ಜಿಲ್ಲೆಯ ಮಾನ್ವಿ, ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ತಾಲ್ಲೂಕುಗಳು ಈ ಪ್ರದೇಶಕ್ಕೆ ಸೇರಿವೆ. ಪುರಂದರದಾಸರು 1564ರಲ್ಲಿ ಕಾಲವಾದ ತರುವಾಯ ದಾಸಕೂಟದ ಗಾಯನ ಪರಂಪರೆಯು ಕ್ರಮೇಣ ಕ್ಷೀಣಿಸಿತ್ತು. ಅದಕ್ಕೆ ಪುನಃ ಚೈತನ್ಯ ನೀಡಿದ ಶ್ರೇಯಸ್ಸು ವಿಜಯದಾಸರಿಗೆ ಸಲ್ಲುತ್ತದೆ. ಬಡತನ ಹಾಗೂ ಅವಮಾನಗಳಿಂದ ಕುಗ್ಗಿ ನಾಲ್ಕು ಜನರ ಮುಂದೆ ನಿಲ್ಲಲು ಹಿಂಜರಿಯುವ ಸ್ಥಿತಿಯಲ್ಲಿದ್ದ ಗೃಹಸ್ಥರೊಬ್ಬರು, ಯೌವನ ಕಳೆದ ಬಳಿಕ ಕಾಲಿಗೆ ಗೆಜ್ಜೆ ಕಟ್ಟಿ ಬೀದಿಯಲ್ಲಿ ಹಾಡುತ್ತ ಕುಣಿದು ಸಾವಿರಾರು ಜನರನ್ನು ತಲುಪಿದ ಬಗೆಯನ್ನು ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ವಿಜಯದಾಸರು ಮಾನ್ವಿ ತಾಲ್ಲೂಕಿನ ತುಂಗಭದ್ರಾ ತೀರದ ಚೀಕಲಪರ್ವಿ ಗ್ರಾಮದಲ್ಲಿ 1682ರಲ್ಲಿ ಜನಿಸಿದರು. ತಂದೆ ಶ್ರೀನಿವಾಸಪ್ಪ, ತಾಯಿ ಕೂಸಮ್ಮ. ಇವರ ಮೊದಲ ಹೆಸರು ದಾಸಪ್ಪ. ಇವರು ಎಳೆಯ ಮಗುವಾಗಿದ್ದಾಗ, ಅಂದರೆ 1686ರಲ್ಲಿ, ವಿಜಾಪುರದ ಆದಿಲಶಾಹಿ ರಾಜ್ಯವು ಔರಂಗಜೇಬನ ವಶವಾಯಿತು. 1724ರ ನಂತರ ಈ ಭಾಗವು ನಿಜಾಮರ ಆಳ್ವಿಕೆಯ ಕಡೆಗೆ ಸರಿಯಿತು. ಆಡಳಿತ ಪದೇ ಪದೇ ಬದಲಾಗುತ್ತಿದ್ದ ಆ ಅವಧಿಯಲ್ಲಿ ಸಾಮಾನ್ಯ ಕುಟುಂಬಗಳಿಗೆ ಜೀವನ ಸುಲಭವಾಗಿರಲಿಲ್ಲ. ದಾಸಪ್ಪನವರ ಮನೆಯಲ್ಲಿಯೂ ಕಡುಬಡತನವಿತ್ತು.

ಸಂಕೋಚದ ದಿನಗಳು

ಅರಳಮ್ಮನವರೊಂದಿಗೆ ವಿವಾಹವಾಗಿ ಸಂಸಾರಸ್ಥರಾದ ಮೇಲೂ ದಾಸಪ್ಪನವರ ಸ್ಥಿತಿ ಸುಧಾರಿಸಲಿಲ್ಲ. ಬಂಧುಗಳ ಮನೆಯ ಶುಭಕಾರ್ಯಗಳಿಗೆ ಹೋದಾಗಲೂ ಬಡವರೆಂಬ ಕಾರಣಕ್ಕೆ ಅವರನ್ನು ಕಡೆಗಣಿಸಲಾಯಿತು ಎಂದು ಪರಂಪರೆಯಲ್ಲಿ ಹೇಳಲಾಗುತ್ತದೆ. ಉಟ್ಟ ಬಟ್ಟೆ ಹರಿದಿರುವಾಗ, ಮನೆಗೆ ಬಂದವರಿಗೆ ಊಟ ಹಾಕಲು ಕೈಲಾಗದಿರುವಾಗ ಮನುಷ್ಯನು ಜನರ ಕಣ್ಣು ತಪ್ಪಿಸಿ ನಡೆಯುವುದು ಸಹಜ. ಈ ದಿನಗಳಲ್ಲಿ ಅವರು ಹಾಡುಗಾರರೆಂದು ಹೆಸರು ಮಾಡಿರಲಿಲ್ಲ. ಕೊನೆಗೆ ಊರು ಬಿಟ್ಟು ಕಾಶಿಯ ಕಡೆಗೆ ಹೊರಟರು.

ಕಾಶಿ ಯಾತ್ರೆ ಮತ್ತು ದಾಸದೀಕ್ಷೆ

ವಿಜಯದಾಸರು ತಮ್ಮ ಜೀವಿತಾವಧಿಯಲ್ಲಿ ಮೂರು ಬಾರಿ ಕಾಶಿ ಯಾತ್ರೆ ಮಾಡಿದರೆಂಬ ಪ್ರತೀತಿ ಇದೆ. ಅಲ್ಲಿ ಸ್ವಪ್ನದಲ್ಲಿ ಪುರಂದರದಾಸರು ದರ್ಶನ ನೀಡಿ, ಅವರ ನಾಲಿಗೆಯ ಮೇಲೆ ವಿಜಯವಿಠಲ ಎಂಬ ಅಂಕಿತವನ್ನು ಬರೆದರೆಂದು ಭಕ್ತರು ನಂಬುತ್ತಾರೆ. ಪುರಂದರದಾಸರ ಮರಣಕ್ಕೂ ವಿಜಯದಾಸರ ಜನನಕ್ಕೂ ನಡುವೆ 118 ವರ್ಷಗಳ ಅಂತರವಿದ್ದರೂ, ಅವರು ಪುರಂದರದಾಸರನ್ನೇ ತಮ್ಮ ಗುರುಗಳೆಂದು ಸ್ವೀಕರಿಸಿದರು. ಅಂದಿನಿಂದ ದಾಸಪ್ಪ ಎಂಬ ಹೆಸರು ಹಿಂದೆ ಸರಿದು ವಿಜಯದಾಸ ಎಂಬ ಹೆಸರು ನಿಂತಿತು.

ಗೆಜ್ಜೆ, ತಂಬೂರಿ ಮತ್ತು ಬೀದಿ

ಹರಿದಾಸ ವೃತ್ತಿಯನ್ನು ಮನೆಯೊಳಗೆ ಕುಳಿತು ನಡೆಸಲು ಸಾಧ್ಯವಿಲ್ಲ. ಕಾಲಿಗೆ ಗೆಜ್ಜೆ ಕಟ್ಟಿ, ಒಂದು ಕೈಯಲ್ಲಿ ತಂಬೂರಿ, ಇನ್ನೊಂದು ಕೈಯಲ್ಲಿ ಚಿಪಳಿ ಹಿಡಿದು, ಹಾಡುತ್ತ ಮನೆ ಮನೆಗೆ ಹೋಗಿ, ಸಿಕ್ಕಷ್ಟನ್ನು ಸ್ವೀಕರಿಸುವ ಈ ಪದ್ಧತಿಗೆ ಮಧುಕರ ವೃತ್ತಿ ಎಂದು ಹೆಸರು. ಸಂಪ್ರದಾಯಸ್ಥ ಕುಟುಂಬದ ಗೃಹಸ್ಥನು ಬೀದಿಯಲ್ಲಿ ಕುಣಿಯುವುದನ್ನು, ಶಾಸ್ತ್ರದ ವಿಚಾರಗಳನ್ನು ಸಂಸ್ಕೃತದ ಬದಲಾಗಿ ಕನ್ನಡದಲ್ಲಿ ಹಾಡುವುದನ್ನು ಅಂದಿನ ಪಂಡಿತರಲ್ಲಿ ಅನೇಕರು ಗೌರವದಿಂದ ಕಾಣುತ್ತಿರಲಿಲ್ಲ. ಹಿಂದೆ ಬಡತನಕ್ಕಾಗಿ ತಲೆತಗ್ಗಿಸಿದ್ದ ವಿಜಯದಾಸರು ಈಗ ಅದೇ ಜನರ ಎದುರು ಭಿಕ್ಷೆಯ ಪಾತ್ರೆ ಹಿಡಿದು ಹಾಡಬೇಕಾಗಿತ್ತು. ತಾನು ಹಾಡುತ್ತಿರುವುದು ತನಗಾಗಿ ಅಲ್ಲ, ದೇವರಿಗಾಗಿ ಎಂಬ ಭಾವವು ಬಲವಾದಂತೆ ಲಜ್ಜೆಯು ತಾನಾಗಿಯೇ ಕಳಚಿತು ಎಂಬುದು ದಾಸಪಂಥದ ತಿಳಿವಳಿಕೆ.

ವಿಜಯದಾಸರು ವಿಶೇಷವಾಗಿ ಸುಳಾದಿಗಳಿಗೆ ಪ್ರಸಿದ್ಧರು. ಒಂದೇ ರಚನೆಯ ಭಾಗಗಳನ್ನು ಧ್ರುವ, ಮಟ್ಟ, ತ್ರಿಪುಟ, ಅಟ್ಟ, ಆದಿ ಮುಂತಾದ ಬೇರೆ ಬೇರೆ ತಾಳಗಳಲ್ಲಿ ಹಾಡಿ, ಕೊನೆಗೆ ಜತೆ ಎಂಬ ಎರಡು ಸಾಲಿನ ಭಾಗದಿಂದ ಮುಗಿಸುವುದು ಸುಳಾದಿಯ ಕ್ರಮ. ತತ್ವವನ್ನೂ ತಾಳವನ್ನೂ ಒಟ್ಟಿಗೆ ನಿಭಾಯಿಸಬೇಕಾದ ಈ ಪ್ರಕಾರವು ಹಾಡುಗಾರರಿಗೆ ಕಠಿಣವಾದುದು. ಇವರು 25,000 ರಚನೆಗಳನ್ನು ಮಾಡಿದರೆಂದು ಸಂಪ್ರದಾಯವು ಹೇಳುತ್ತದೆ. ಇಂದು ದೊರೆತಿರುವುದು ಅದರಲ್ಲಿ ಒಂದು ಭಾಗ ಮಾತ್ರ.

ಶಿಷ್ಯ ಪರಂಪರೆ

ಸ್ವತಃ ಅವಮಾನ ಅನುಭವಿಸಿದವರಾದುದರಿಂದಲೋ ಏನೋ, ವಿಜಯದಾಸರು ನೊಂದವರನ್ನು ಹತ್ತಿರ ಸೇರಿಸಿಕೊಂಡರು. ದಿಕ್ಕಿಲ್ಲದ ತಾಯಿ ಮತ್ತು ಮಗುವಿಗೆ ಅವರು ಆಶ್ರಯ ನೀಡಿದರೆಂದೂ, ಆ ಮಗುವೇ ಮುಂದೆ ಮೋಹನದಾಸರಾದರೆಂದೂ ಹೇಳಲಾಗುತ್ತದೆ. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು ಇವರ ಪ್ರಮುಖ ಶಿಷ್ಯರು.

ಬ್ಯಾಗವಾಟದಲ್ಲಿ ಜನಿಸಿದ ಸಂಸ್ಕೃತ ಪಂಡಿತ ಶ್ರೀನಿವಾಸಾಚಾರ್ಯರ ಪ್ರಸಂಗವು ಈ ಭಾಗದಲ್ಲಿ ಮನೆಮಾತಾಗಿದೆ. ಬೀದಿಯಲ್ಲಿ ಹಾಡುವ ದಾಸರ ಪಂಕ್ತಿಯಲ್ಲಿ ಊಟಕ್ಕೆ ಕೂರಲು ಮನಸ್ಸಾಗದೆ ಅವರು ಹೊಟ್ಟೆನೋವಿನ ನೆಪ ಹೇಳಿದರು. ನಂತರ ನಿಜವಾಗಿಯೇ ತೀವ್ರ ಹೊಟ್ಟೆನೋವಿಗೆ ಒಳಗಾಗಿ ವಿಜಯದಾಸರ ಬಳಿಗೆ ಬಂದರು. ವಿಜಯದಾಸರು ಅವರನ್ನು ಗೋಪಾಲದಾಸರಲ್ಲಿಗೆ ಕಳುಹಿಸಿದರು. ಅವರೇ ಮುಂದೆ ಹರಿಕಥಾಮೃತಸಾರವನ್ನು ಕನ್ನಡದ ಭಾಮಿನಿ ಷಟ್ಪದಿಯಲ್ಲಿ ರಚಿಸಿದ ಜಗನ್ನಾಥದಾಸರು (1728–1809). ಗುರುವಿಗೆ ಅಡ್ಡಬಂದದ್ದು ಬಡತನದ ಸಂಕೋಚವಾದರೆ, ಪ್ರಶಿಷ್ಯರಿಗೆ ಅಡ್ಡಬಂದದ್ದು ಪಾಂಡಿತ್ಯದ ಬಿಗುಮಾನ. ಎರಡನ್ನೂ ಬಿಟ್ಟ ಬಳಿಕವೇ ಇಬ್ಬರಿಗೂ ಹಾಡು ಒಲಿಯಿತು. ಜಗನ್ನಾಥದಾಸರ ಶಿಷ್ಯರಾದ ಪ್ರಾಣೇಶದಾಸರು ಲಿಂಗಸುಗೂರಿನವರು. ಹೀಗೆ ಚೀಕಲಪರ್ವಿಯಲ್ಲಿ ಆರಂಭವಾದ ಪರಂಪರೆಯು ಲಿಂಗಸುಗೂರು ಭಾಗದಲ್ಲಿಯೂ ನೆಲೆಗೊಂಡಿತು.

ಕೊನೆಯ ದಿನಗಳು

ವಿಜಯದಾಸರು ಇಂದಿನ ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಚಿಪ್ಪಗಿರಿಯಲ್ಲಿ ನೆಲೆಸಿ, 1755ರ ಯುವ ಸಂವತ್ಸರದ ಕಾರ್ತಿಕ ಶುದ್ಧ ದಶಮಿಯಂದು ಕಾಲವಾದರು. ಪ್ರತಿ ವರ್ಷ ಅದೇ ತಿಥಿಯಂದು ಅವರ ಆರಾಧನೆ ನಡೆಯುತ್ತದೆ. ಚೀಕಲಪರ್ವಿಯಲ್ಲಿ ವಿಜಯದಾಸರ ಕಟ್ಟೆ ಹಾಗೂ ಅಶ್ವತ್ಥ ನರಸಿಂಹ ಸನ್ನಿಧಿಗಳಿಗೆ ಭಕ್ತರು ಭೇಟಿ ನೀಡುತ್ತಾರೆ.

ಇಂದಿನ ಕಲಾವಿದರಿಗೆ

ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಗ್ರಾಮಗಳಲ್ಲಿ ಭಜನೆ, ದಾಸರ ಪದ, ತತ್ವಪದ ಹಾಗೂ ಜನಪದ ಗೀತೆಗಳನ್ನು ಹಾಡುವವರು ಇಂದಿಗೂ ಇದ್ದಾರೆ. ಇವರಲ್ಲಿ ಅನೇಕರು ಕೂಲಿ, ಒಕ್ಕಲುತನ ಹಾಗೂ ಮನೆಗೆಲಸಗಳ ನಡುವೆ ವಯಸ್ಸು ಕಳೆದ ಮೇಲೆ ವೇದಿಕೆ ಏರಿದವರು. ತಾವು ಕಲಾವಿದರೆಂದು ಹೇಳಿಕೊಳ್ಳಲು ಸಂಕೋಚಪಟ್ಟು ಸರ್ಕಾರದ ಸೌಲಭ್ಯಗಳಿಂದ ದೂರ ಉಳಿಯುವವರೂ ಉಂಟು. ಸಂಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮೂಲಕ ಮಾಸಾಶನ ನೀಡುವ ಯೋಜನೆ ಇರುತ್ತದೆ. ವಯಸ್ಸು, ಕಲಾಸೇವೆಯ ಅವಧಿ ಹಾಗೂ ಆದಾಯಕ್ಕೆ ಸಂಬಂಧಿಸಿದ ಷರತ್ತುಗಳನ್ನು ಚಾಲ್ತಿಯಲ್ಲಿರುವ ಸರ್ಕಾರಿ ಆದೇಶದಂತೆ ಪರಿಶೀಲಿಸಿಕೊಂಡು ಅರ್ಹರು ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿ ಬರೆಯಲು ಬಾರದ ಹಿರಿಯರಿಗೆ ಕುಟುಂಬದವರು ಹಾಗೂ ಭಜನಾ ಮಂಡಳಿಯವರು ನೆರವಾಗಲು ಕೋರಲಾಗಿದೆ.