ಹುತಾತ್ಮ ಮೈಲಾರ ಮಹಾದೇವಪ್ಪನವರು ಮತ್ತು ಕಾಯಿದೆಯ ನ್ಯಾಯ

ನಮ್ಮ ಸಹಕಾರಿ ಸಂಘವು ಬೆಳ್ಳಿ ಹಬ್ಬ ಆಚರಿಸುತ್ತಿರುವ ಈ ಶುಭ ಸಮಯದಲ್ಲಿ ನಮ್ಮ ಭಾಗದ ಹುತಾತ್ಮರೊಬ್ಬರನ್ನು ನೆನೆಯುವುದು ಕರ್ತವ್ಯವೆಂದು ಭಾವಿಸಿದ್ದೇವೆ. ಗುಡಗೇರಿ ಸ್ಟೇಶನ್ನಿನಲ್ಲಿ ದಕ್ಷಿಣದ ಗಾಡಿ ಹತ್ತಿದರೆ ಹಾವೇರಿ ದಾಟಿ ಬ್ಯಾಡಗಿ ಬರುತ್ತದೆ. ಆ ತಾಲೂಕಿನ ಮೋಟೆಬೆನ್ನೂರು ಮೈಲಾರ ಮಹಾದೇವಪ್ಪನವರ ಊರು. ಆಗ ಅದೆಲ್ಲ ನಮ್ಮ ಧಾರವಾಡ ಜಿಲ್ಲೆಯೇ. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ.

1911ರಲ್ಲಿ ಜನಿಸಿದ ಮಹಾದೇವಪ್ಪನವರು ಚಿಕ್ಕ ವಯಸ್ಸಿನಲ್ಲೇ ಸಾಬರಮತಿ ಆಶ್ರಮ ಸೇರಿದರು. 1930 ಮಾರ್ಚ್ 12ರಂದು ಗಾಂಧೀಜಿ 78 ಮಂದಿ ಸಂಗಡಿಗರೊಂದಿಗೆ ದಂಡಿಗೆ ನಡೆದು ಹೊರಟಾಗ ಕರ್ನಾಟಕದಿಂದ ಇದ್ದವರು ಇವರೊಬ್ಬರೇ. ವಯಸ್ಸು ಬರೇ 18.

ಅವರು ಮುರಿಯಲು ಹೊರಟದ್ದು ಉಪ್ಪಿನ ಕಾಯಿದೆ. ದಂಡೆಯಲ್ಲಿ ಬಿದ್ದ ಉಪ್ಪನ್ನು ಬಡವ ಒಂದು ಹಿಡಿ ಎತ್ತಿಕೊಂಡರೂ ಅಪರಾಧ. ಅಂಗಡಿಯಲ್ಲಿ ಕೊಂಡರೆ ಸರಕಾರಕ್ಕೆ ತೆರಿಗೆ. ಸಾಹುಕಾರನ ಸಾರಿಗೂ ಕೂಲಿಯವನ ಸಾರಿಗೂ ಉಪ್ಪು ಬೇಕಾಗುವುದು ಅಷ್ಟೇ. ಹೀಗಾಗಿ ಭಾರ ಬೀಳೋದು ಕೂಲಿಯವನ ಮೇಲೆ. ಕಾಯಿದೆ ಮಾಡುವಾಗ ಅವನನ್ನು ಯಾರೂ ಕೇಳಿರಲಿಲ್ಲ. ಆದರೂ ಅದನ್ನು ಕದ್ದುಮುಚ್ಚಿ ಮುರಿಯಲಿಲ್ಲ. ವೈಸರಾಯರಿಗೆ ಮೊದಲೇ ತಿಳಿಸಿ, ಹಾಡುಹಗಲೇ ಮುರಿದು, ಜೈಲಿಗೆ ಹೋದರು.

ಮಹಾದೇವಪ್ಪನವರೂ ಸೆರೆವಾಸ ಕಂಡರು. ಅವರ ಪತ್ನಿ ಸಿದ್ದಮ್ಮನವರೂ ಜೈಲು ಕಂಡವರು. ಬಳಿಕ ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿ ಹಳ್ಳಿಯ ಕೆಲಸಕ್ಕೆ ನಿಂತರು. 1942ರ ಚಲೇಜಾವ್ ಚಳವಳಿಯಲ್ಲಿ ಭೂಗತರಾದರು. 1943 ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರಕಾರದ ಕಂದಾಯದ ಹಣ ವಶಪಡಿಸಿಕೊಳ್ಳಲು ಸಂಗಡಿಗರೊಡನೆ ಹೋದಾಗ ಗುಂಡಿಗೆ ಬಲಿಯಾದರು. ಅವರೊಂದಿಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರೂ ಪ್ರಾಣ ಕೊಟ್ಟರು. ಈ ದಾರಿ ದಂಡಿಯ ದಾರಿಗಿಂತ ಬೇರೆ ಎಂಬುದು ನಿಜ. ಆದರೆ ಎರಡು ಸಲವೂ ಅವರು ತಮಗಾಗಿ ಏನನ್ನೂ ಕೇಳಲಿಲ್ಲ, ಕೊಟ್ಟದ್ದು ತಮ್ಮದನ್ನೇ.

ಹಾಗಾದರೆ ಪರಕೀಯರು ಮಾಡಿದ ಕಾಯಿದೆಯೆಲ್ಲ ಅನ್ಯಾಯದ್ದೇ? ಹಾಗೆ ಹೇಳಲಾಗದು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಮಾಡಿದ್ದೂ ಅದೇ ಸರಕಾರ. ಅದರ ಆಧಾರದಿಂದಲೇ 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿ, ರೈತರನ್ನು ಸಾವಕಾರರ ಬಡ್ಡಿಯಿಂದ ಬಿಡಿಸುವ ದಾರಿ ತೋರಿಸಿದರು. ಒಂದೇ ಸರಕಾರ, ಎರಡು ಕಾಯಿದೆ. ಒಂದು ಬಡವನ ಕೈ ಕಟ್ಟಿತು, ಇನ್ನೊಂದು ಕೈ ಹಿಡಿಯಿತು. ಯಾರು ಮಾಡಿದರು ಎನ್ನುವುದಷ್ಟೇ ಅಲ್ಲ, ಭಾರ ಯಾರ ಮೇಲೆ ಬೀಳುತ್ತದೆ, ಎಲ್ಲರಿಗೂ ಒಂದೇ ರೀತಿ ಅನ್ವಯಿಸುತ್ತದೆಯೇ ಎಂಬುದನ್ನೂ ತೂಗಿ ನೋಡಬೇಕು.

ಸದಸ್ಯ ಬಾಂಧವರೇ, ಕಾಯಿದೆ ಮುರಿದವರಿಗೆ ನಾವು ಹಾರ ಹಾಕ್ತೇವಿ, ಹಂಗಾದರ ಸಂಘದ ಸಾಲ ಯಾಕ ಕಟ್ಟಬೇಕು ಅಂತ ಯಾರಾದರೂ ಕೇಳಬಹುದು. ಸಂಘದ ನಿಯಮ ಉಪ್ಪಿನ ಕಾಯಿದೆಯಂಥದ್ದಲ್ಲ. ಇಲ್ಲಿ ಎಷ್ಟೇ ಶೇರು ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಒಬ್ಬ ಕಟ್ಟದೆ ಬಿಟ್ಟರೆ ಮುಂದಿನ ಮುಂಗಾರಿಗೆ ಬೀಜ ಗೊಬ್ಬರಕ್ಕೆ ಸಾಲ ಸಿಗದೆ ಹೋಗುವುದು ನೆರೆಹೊಲದವನಿಗೆ, ಸರಕಾರಕ್ಕಲ್ಲ. ಹಾಗೆಯೇ ನಿಯಮವು ಆಡಳಿತ ಮಂಡಳಿಯವರಿಗೊಂದು, ಎರಡು ಎಕರೆಯವನಿಗೊಂದು ಆದ ದಿನ ಅದು ಅನ್ಯಾಯದ ನಿಯಮವೇ. ಅಂದು ಸಾಧಾರಣ ಸಭೆಯಲ್ಲಿ ಎದ್ದು ನಿಂತು ಕೇಳುವ ಧೈರ್ಯ ನಮಗೆಲ್ಲರಿಗೂ ಬರಲಿ. ಮಹಾದೇವಪ್ಪನವರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.