‘ಫ್ರಾಂಕೆನ್‌ಸ್ಟೈನ್’ ಬರೆದದ್ದು ಗಂಡನೇ? ಮೇರಿ ಶೆಲ್ಲಿ ಹೆಸರು ಕಳೆದುಹೋದ ಕಥೆ

ಹೇಳಿಕೆ: ಫ್ರಾಂಕೆನ್‌ಸ್ಟೈನ್ ಎಂಬುದು ಒಬ್ಬ ರಾಕ್ಷಸನ ಹೆಸರು. ಆ ಕಾದಂಬರಿಯನ್ನು ನಿಜವಾಗಿ ಬರೆದದ್ದು ಕವಿ ಪರ್ಸಿ ಶೆಲ್ಲಿ. ಹೆಂಡತಿ ಮೇರಿಯದು ಹೆಸರು ಮಾತ್ರ.

ಸತ್ಯಾಂಶ: ಎರಡೂ ತಪ್ಪು.

ಚಪ್ಪಟೆ ತಲೆ, ಕುತ್ತಿಗೆಯಲ್ಲಿ ಬೋಲ್ಟ್, ಹಸಿರು ಮುಖ. ಈ ದೈತ್ಯನ ಚಿತ್ರ ನಿಮ್ಮ ಫೋನಿನಲ್ಲೂ ಎಂದಾದರೂ ಬಂದಿರಬಹುದು. ಅವನ ಕಥೆಯನ್ನು ಬರೆಯಲು ಕೂತಾಗ ಮೇರಿಗೆ ಇನ್ನೂ 18 ವರ್ಷ.

ಸಾವಿನ ಜೊತೆಗೇ ಹುಟ್ಟು

ಮೇರಿ ಹುಟ್ಟಿದ್ದು 1797ರ ಆಗಸ್ಟ್ 30ರಂದು, ಲಂಡನ್ನಿನಲ್ಲಿ. ತಾಯಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್, ಹೆಣ್ಣುಮಕ್ಕಳ ಹಕ್ಕು ಮತ್ತು ಶಿಕ್ಷಣದ ಬಗ್ಗೆ 1792ರಲ್ಲೇ ಪುಸ್ತಕ ಬರೆದವರು. ತಂದೆ ವಿಲಿಯಂ ಗಾಡ್ವಿನ್ ಹೆಸರಾಂತ ಚಿಂತಕ.

ಹೆರಿಗೆಯ ನಂತರ ಮಾಸು ಪೂರ್ತಿ ಬೀಳಲಿಲ್ಲ. ವೈದ್ಯರು ಕೈ ಹಾಕಿ ತೆಗೆದರು. ಕೈಯಿಂದ ಸೋಂಕು ಹರಡುತ್ತದೆ ಎಂಬ ತಿಳಿವಳಿಕೆ ಇರದ ಕಾಲ ಅದು. ಬಾಣಂತಿ ನಂಜು ಏರಿ ತಾಯಿ ಸೆಪ್ಟೆಂಬರ್ 10ರಂದು ತೀರಿಕೊಂಡರು.

16ನೇ ವಯಸ್ಸಿನಲ್ಲಿ ಮೇರಿ, ಆಗಲೇ ಮದುವೆಯಾಗಿದ್ದ ಪರ್ಸಿಯ ಜೊತೆ ಮನೆ ಬಿಟ್ಟರು. 1815ರಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಮೊದಲ ಮಗು ಕೆಲವೇ ದಿನಗಳಲ್ಲಿ ಸತ್ತಿತು. ಬೆಂಕಿಯ ಹತ್ತಿರ ಉಜ್ಜಿದಾಗ ಆ ಮಗು ಮತ್ತೆ ಬದುಕಿತೆಂದು ಕನಸು ಬಿದ್ದುದನ್ನು ಮೇರಿ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಸತ್ತ ದೇಹಕ್ಕೆ ಜೀವ ಬರುವ ಕಾದಂಬರಿ ಶುರುವಾಗಿದ್ದು ಅದರ ಮರುವರ್ಷ.

ಬೇಸಿಗೆಯೇ ಬಾರದ ವರ್ಷ

1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರಿಂದ ಆಕಾಶಕ್ಕೇರಿದ ಗಂಧಕದ ಕಣಗಳು ಬಿಸಿಲನ್ನು ತಡೆದವು. 1816ರ ಬೇಸಿಗೆಯಲ್ಲಿ ಯುರೋಪಿನಲ್ಲಿ ಚಳಿ, ಮಳೆ. ಜಿನೀವಾ ಸರೋವರದ ಬಳಿ ಮನೆಯೊಳಗೇ ಸಿಕ್ಕಿಬಿದ್ದ ಗೆಳೆಯರಿಗೆ ಕವಿ ಬೈರನ್ ಒಂದು ಸವಾಲು ಹಾಕಿದ: ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯಬೇಕು.

ಆಗ ವಿದ್ಯುತ್ ಹೊಸ ಅಚ್ಚರಿ. ಇಟಲಿಯ ಗಾಲ್ವಾನಿ ಸತ್ತ ಕಪ್ಪೆಯ ಕಾಲು ಅದುರುವಂತೆ ಮಾಡಿದ್ದ. 1803ರಲ್ಲಿ ಅವನ ಸೋದರಳಿಯ ಆಲ್ದೀನಿ ಲಂಡನ್ನಿನಲ್ಲಿ, ಗಲ್ಲಿಗೇರಿಸಿದ ಕೈದಿಯ ಶವಕ್ಕೆ ವಿದ್ಯುತ್ ಹಾಯಿಸಿದಾಗ ದವಡೆ ಅಲುಗಿತು, ಕಣ್ಣು ತೆರೆಯಿತು. ಅದು ಜೀವ ಬಂದದ್ದಲ್ಲ. ವಿದ್ಯುತ್ ತಾಗಿದರೆ ಸ್ನಾಯು ಸೆಟೆಯುತ್ತದೆ, ಅಷ್ಟೇ. ಇಂಥ ಪ್ರಯೋಗಗಳ ಚರ್ಚೆ ಕೇಳುತ್ತಿದ್ದ ಮೇರಿಗೆ ಬೇರೊಂದು ಪ್ರಶ್ನೆ ಎದ್ದಿತು: ಹಾಗೆ ಜೀವ ಕೊಟ್ಟವನು ಆಮೇಲೆ ಕೈಬಿಟ್ಟರೆ?

ಹೆಸರಿಲ್ಲದ ಪುಸ್ತಕ

ಕೆಲವು ಪ್ರಕಾಶಕರು ತಿರಸ್ಕರಿಸಿದ ಮೇಲೆ, 1818ರ ಜನವರಿ 1ರಂದು ಕಾದಂಬರಿ ಬಂತು. ಕೇವಲ 500 ಪ್ರತಿ. ಲೇಖಕರ ಹೆಸರು ಇರಲಿಲ್ಲ, ಮುನ್ನುಡಿ ಪರ್ಸಿಯದು. ಹಾಗಾಗಿ ಬರೆದದ್ದೂ ಅವನೇ ಎಂದು ಹಲವರು ಅಂದುಕೊಂಡರು. ಖ್ಯಾತ ಸಾಹಿತಿ ವಾಲ್ಟರ್ ಸ್ಕಾಟ್ ಕೂಡ. ಬರೆದದ್ದು ಹೆಣ್ಣು ಎಂದು ಕೇಳಿಬಲ್ಲ ಒಂದು ಪತ್ರಿಕೆ, ಅದೇ ಪುಸ್ತಕದ ತಪ್ಪನ್ನು ಇನ್ನೂ ಹೆಚ್ಚಿಸಿದೆ ಎಂದು ಹಳಿಯಿತು.

1822ರಲ್ಲಿ ಪರ್ಸಿ ಸಮುದ್ರದಲ್ಲಿ ಮುಳುಗಿ ಸತ್ತ. ಉಳಿದ ಒಬ್ಬನೇ ಮಗನನ್ನು ಮೇರಿ ಬರವಣಿಗೆಯ ದುಡಿಮೆಯಿಂದ, ಮಾವ ಕೊಡುತ್ತಿದ್ದ ಅಷ್ಟಿಷ್ಟು ಹಣದಿಂದ ಸಾಕಿದರು. ಗಂಡನ ಜೀವನಚರಿತ್ರೆ ಪ್ರಕಟಿಸಕೂಡದು ಎಂಬುದು ಮಾವನ ಷರತ್ತು. 1823ರಲ್ಲಿ ಕಥೆ ನಾಟಕವಾಗಿ ಗೆದ್ದಿತು. ಅದೇ ವರ್ಷದ ಎರಡನೇ ಮುದ್ರಣದಲ್ಲಿ ಕೊನೆಗೂ ಅವರ ಹೆಸರು ಬಂತು. 1826ರಲ್ಲಿ, ಸಾಂಕ್ರಾಮಿಕ ರೋಗದಿಂದ ಮನುಕುಲವೇ ಅಳಿಯುವ ಇನ್ನೊಂದು ಕಾದಂಬರಿ ಬರೆದರು. 1851ರ ಫೆಬ್ರವರಿ 1ರಂದು, 53ನೇ ವಯಸ್ಸಿನಲ್ಲಿ ತೀರಿಕೊಂಡರು.

1931ರ ಪ್ರಸಿದ್ಧ ಹಾಲಿವುಡ್ ಸಿನಿಮಾದ ಟೈಟಲ್ ಕಾರ್ಡಿನಲ್ಲೂ ‘ಮೇರಿ’ ಇಲ್ಲ. ಅಲ್ಲಿರುವುದು ಶ್ರೀಮತಿ ಪರ್ಸಿ ಬಿ. ಶೆಲ್ಲಿ!

ಹಾಗಾದರೆ ಗಂಡನ ಪಾಲೆಷ್ಟು?

ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ ಹಸ್ತಪ್ರತಿ ಇದೆ. ಮೇರಿಯ ಅಕ್ಷರ, ನಡುನಡುವೆ ಪರ್ಸಿಯ ತಿದ್ದುಪಡಿ. ಅದನ್ನು ಪರಿಶೀಲಿಸಿದ ವಿದ್ವಾಂಸ ಚಾರ್ಲ್ಸ್ ರಾಬಿನ್ಸನ್ ಅವರ ಅಂದಾಜಿನಂತೆ, ಸುಮಾರು 72,000 ಪದಗಳಲ್ಲಿ ಪರ್ಸಿಯವು 4,000ರಿಂದ 5,000. ಅಂದರೆ ನೂರಕ್ಕೆ ಏಳರ ಒಳಗೆ. ಯಾವುದೇ ಒಳ್ಳೆಯ ಸಂಪಾದಕರು ಮಾಡುವ ಕೆಲಸ ಇದು.

ಇನ್ನೊಂದು ಮಾತು. ಪರ್ಸಿ ಸತ್ತ ಮೇಲೆ ಅವನ ಕವಿತೆಗಳನ್ನು ಹುಡುಕಿ, ಜೋಡಿಸಿ, ಟಿಪ್ಪಣಿ ಬರೆದು ಪ್ರಕಟಿಸಿದ್ದು ಮೇರಿ. ಹಾಗೆಂದು ಆ ಕವಿತೆಗಳು ಮೇರಿಯವು ಎಂದು ಯಾರಾದರೂ ಹೇಳುತ್ತಾರೆಯೇ?

ಹೆಸರಿನ ಗೊಂದಲ

ಕಾದಂಬರಿಯಲ್ಲಿ ಫ್ರಾಂಕೆನ್‌ಸ್ಟೈನ್ ಎಂಬುದು ಜೀವ ಕೊಟ್ಟ ವಿದ್ಯಾರ್ಥಿಯ ಹೆಸರು. ಹುಟ್ಟಿದ ಜೀವಿಗೆ ಹೆಸರೇ ಇಲ್ಲ. ವರ ಕೊಟ್ಟವನ ಹೆಸರನ್ನು ಭಸ್ಮಾಸುರನಿಗೆ ಇಟ್ಟಂತಾಗಿದೆ ನಮ್ಮ ಬಳಕೆ. ಬೋಲ್ಟು, ಚಪ್ಪಟೆ ತಲೆ ಸಿನಿಮಾದವು. ಪುಸ್ತಕದ ಜೀವಿ ಓದು ಕಲಿತು, ತನ್ನನ್ನು ಯಾಕೆ ಕೈಬಿಟ್ಟೆ ಎಂದು ಸೃಷ್ಟಿಸಿದವನನ್ನೇ ಕೇಳುತ್ತದೆ.

ಹೆಸರೇ ಇಲ್ಲದ ಜೀವಿಗೆ ಜಗತ್ತು ಒಂದು ಹೆಸರು ಕೊಟ್ಟಿತು. ಬರೆದವರಿಗೆ ಮಾತ್ರ ಇದ್ದ ಹೆಸರನ್ನು ಕೊಡಲು ಹಿಂದೆಮುಂದೆ ನೋಡಿತು. ಮುಂದಿನ ಸಲ ಆ ದೈತ್ಯನ ಚಿತ್ರ ಫಾರ್ವರ್ಡ್ ಮಾಡುವಾಗ ಕೆಳಗೆ ಎರಡು ಪದ ಸೇರಿಸಿ: ಮೇರಿ ಶೆಲ್ಲಿ.